ಓವರ್‌ಬೂಸ್ಟ್, ಇಂಜಿನ್ ಲೈಟ್, ಟ್ಯೂನ್ ಮಾಡಿಸಿದ ಟರ್ಬೊ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಗಾಡಿ ಟ್ಯೂನ್ ಮಾಡಿಸಿದವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಮೀಟರಿನ ಫೋಟೊ ಕಳಿಸಿ ‘ಇದು ಎಂತ?’ ಅಂತಾರೆ. ನಾನು ಮೆಕ್ಯಾನಿಕ್ ಅಲ್ಲ. ರೀಮ್ಯಾಪ್ (ಪವರ್ ಹೆಚ್ಚಿಸಲು ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದ ಒಂದು ಹಳೇ ಡೀಸೆಲ್ ಹ್ಯಾಚ್‌ಬ್ಯಾಕ್ ಇಟ್ಟುಕೊಂಡು ಸಾಕಷ್ಟು ದುಡ್ಡು ಕಳೆದುಕೊಂಡವನು, ಅಷ್ಟೇ. ಸುಲಭದ ಪ್ರಶ್ನೆಗಳು ಮೊದಲು, ತಲೆಬಿಸಿಯವು ಆಮೇಲೆ.

## ಶುರುವಿಗೆ

ಹಳದಿ ಇಂಜಿನ್ ಲೈಟ್ ಬಂತು. ಗಾಡಿ ಇಲ್ಲೇ ನಿಲ್ಲಿಸಬೇಕಾ, ಮನೆಗೆ ಹೋಗಬಹುದಾ?

ಲೈಟ್ ಒಂದೇ ಸಮ ಉರಿಯುತ್ತಿದೆಯಾ, ಮಿಣುಕುತ್ತಿದೆಯಾ ನೋಡಿ. ಒಂದೇ ಸಮ ಉರಿಯುತ್ತಿದ್ದು, ಹೊಸ ಸದ್ದು, ಹೊಗೆ, ಬಿಸಿ ಏನೂ ಇಲ್ಲದಿದ್ದರೆ ಎಕ್ಸಲರೇಟರ್ ಮೆಲ್ಲಗೆ ಒತ್ತಿಕೊಂಡು ಮನೆ ಮುಟ್ಟಬಹುದು. ಪೆಟ್ರೋಲ್ ಗಾಡಿಯಲ್ಲಿ ಮಿಣುಕಿದರೆ ಸಾಮಾನ್ಯವಾಗಿ ಮಿಸ್‌ಫೈರ್. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೇ ಸುಡುತ್ತದೆ. ನಿಲ್ಲಿಸಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಇಂಜಿನ್ ಲೈಟಿನ ಬದಲು ಗ್ಲೋ ಪ್ಲಗ್ಗಿನ ಸುರುಳಿ ಚಿಹ್ನೆ ಮಿಣುಕುತ್ತದೆ. ಅದಕ್ಕೆ ಗಾಬರಿ ಬೇಡ, ಆದರೆ ಕೋಡ್ (ಇಂಜಿನ್ನಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ನಂಬರ್) ಓದಿಸಿ.

ಕೆಂಪು ಆಯಿಲ್ ಲೈಟ್ ಬಂದರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ, ಇಂಜಿನ್ ಆಫ್ ಮಾಡಿ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವಂಥದ್ದು. ಆಯಿಲ್ಲಿನ ತೆಳು ಪದರ ಒಂದೇ ಅದಕ್ಕೆ ಆಧಾರ.

ಓವರ್‌ಬೂಸ್ಟ್ ಅಂದ್ರೆ ಎಂತ? ಬೂಸ್ಟ್ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?

ಬೂಸ್ಟ್ ಅಂದರೆ ಟರ್ಬೊ ಒತ್ತಿ ಕೊಡುವ ಗಾಳಿಯ ಹೆಚ್ಚುವರಿ ಒತ್ತಡ. ಜಾಸ್ತಿ ಬೂಸ್ಟ್ ಬೇರೆ, ಕೇಳಿದ್ದಕ್ಕಿಂತ ಜಾಸ್ತಿ ಬೂಸ್ಟ್ ಬೇರೆ. ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪ್ರತಿ ಕ್ಷಣ ‘ಇಷ್ಟು ಗಾಳಿ ಕೊಡು’ ಎಂದು ಟರ್ಬೊಗೆ ಹೇಳುತ್ತಿರುತ್ತದೆ. ಸಿಕ್ಕಿದ್ದು ಎಷ್ಟು ಎಂದು ಸೆನ್ಸರ್ ನೋಡಿ ಲೆಕ್ಕ ಹಾಕುತ್ತದೆ. ಸಿಕ್ಕಿದ್ದು ಒಂದು ಮಿತಿ ದಾಟಿ, ಸ್ವಲ್ಪ ಹೊತ್ತು ಹಾಗೆಯೇ ಉಳಿದರೆ ಅದು ಓವರ್‌ಬೂಸ್ಟ್. ಮಿತಿ ಎಷ್ಟು, ಹೊತ್ತು ಎಷ್ಟು ಎಂಬುದು ಗಾಡಿಯಿಂದ ಗಾಡಿಗೆ ಬೇರೆ.

ಪೆಟ್ರೋಲ್ ಇಂಜಿನ್ನಿನಲ್ಲಿ ಇದರಿಂದ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನೇ ಸಿಡಿಯುವುದು) ಬರುತ್ತದೆ. ಪಿಸ್ಟನ್ ತುಂಡಾಗುವುದು ಅದರಿಂದಲೇ. ಡೀಸೆಲ್ ಸ್ವಲ್ಪ ಗಟ್ಟಿ, ಆದರೂ ಹೆಡ್ ಗ್ಯಾಸ್ಕೆಟ್, ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಪೈಪು, ಟರ್ಬೊ ಬೇರಿಂಗ್ ಎಲ್ಲದಕ್ಕೂ ಪೆಟ್ಟು.

ಪಿ0234 ಅಂತ ಬಂದಿದೆ. ಈ ನಂಬರ್‌ಗಳನ್ನು ಓದುವುದು ಹೇಗೆ?

‘ಪಿ’ ಎಂದರೆ ಇಂಜಿನ್ ಮತ್ತು ಗಿಯರ್‌ಬಾಕ್ಸಿನ ಕಡೆಯದು. ಮುಂದಿನ ಅಂಕೆ 0 ಅಥವಾ 2 ಆದರೆ ಎಲ್ಲಾ ಕಂಪನಿಗಳಿಗೂ ಒಂದೇ ಅರ್ಥ, 1 ಆದರೆ ಆ ಕಂಪನಿಯದ್ದೇ ಸ್ವಂತ ಕೋಡ್. ನಮಗೆ ಪದೇ ಪದೇ ಕಾಣುವವು ಇವು: ಪಿ0234 ಓವರ್‌ಬೂಸ್ಟ್, ಪಿ0299 ಬೂಸ್ಟ್ ಕಡಿಮೆ, ಪಿ0235ರಿಂದ ಪಿ0238ರವರೆಗೆ ಬೂಸ್ಟ್ ಸೆನ್ಸರಿನ ದೂರು, ಪಿ0243 ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ನಡೆಸುವ ಸೊಲೆನಾಯ್ಡ್ ಎಂಬ ಕರೆಂಟ್ ವಾಲ್ವಿನ ಸರ್ಕ್ಯೂಟ್, ಪಿ2263 ಒಟ್ಟಾರೆ ಬೂಸ್ಟ್ ವ್ಯವಸ್ಥೆ ಸರಿಯಾಗಿ ನಡೆಯುತ್ತಿಲ್ಲ ಎಂಬುದು.

ಒಂದು ಮಾತು ನೆನಪಿಡಿ. ಕೋಡ್ ಹೇಳುವುದು ಇಸಿಯು ಕಂಡದ್ದನ್ನು, ಕೆಟ್ಟ ಸಾಮಾನಿನ ಹೆಸರನ್ನಲ್ಲ. ಪಿ0234 ಬಂದರೆ ‘ಟರ್ಬೊ ಬದಲಿಸಿ’ ಎಂದು ಅರ್ಥವಲ್ಲ. ಜ್ವರ ಬಂದಿದೆ ಅಂದಷ್ಟೇ. ಡೆಂಗ್ಯೂವೋ ಮಲೇರಿಯಾವೋ ಎಂದು ನೋಡಲು ರಕ್ತ ಪರೀಕ್ಷೆ ಬೇಕಲ್ವಾ, ಹಾಗೆ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಕಾ?

ಶುರುವಿಗೆ ಸಾಕು. ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿಗೆ ಚುಚ್ಚಿ ಫೋನಿನ ಆ್ಯಪ್‌ಗೆ ಜೋಡಿಸಿದರೆ ಆಯಿತು. ಕೋಡ್, ಫ್ರೀಜ್ ಫ್ರೇಮ್, ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ತೋರಿಸುವ ಒತ್ತಡ, ಒಳಗೆ ಹೋಗುವ ಗಾಳಿಯ ಬಿಸಿ ಎಲ್ಲಾ ಸಿಗುತ್ತದೆ. ಸಾಮಾನ್ಯವಾಗಿ ಸಿಗದೇ ಇರುವುದು ‘ಇಸಿಯು ಕೇಳಿದ ಬೂಸ್ಟ್’. ಅದಕ್ಕೆ ಆ ಕಂಪನಿಯ ಗಾಡಿಗೆಂದೇ ಇರುವ ಸ್ಕ್ಯಾನರ್ ಬೇಕಾಗುತ್ತದೆ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಕೋಡ್ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ವೇಗ ಎಷ್ಟು ಎಂಬುದು ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಯಿತು. ಹತ್ತರಲ್ಲಿ ಎಂಟು ಜನ ಅಳಿಸಿದ ಮೇಲೆಯೇ ನನಗೆ ಫೋನ್ ಮಾಡುವುದು.

ಆಗುಂಬೆ ಘಾಟಿ ಹತ್ತುವಾಗ ಪವರೇ ಹೋಯಿತು. ಆಫ್ ಮಾಡಿ ಆನ್ ಮಾಡಿದರೆ ಸರಿಯಾಯಿತು. ಹಾಗಾದರೆ ಬಿಡಬಹುದಾ?

ಬಿಡಬೇಡಿ. ಅದು ಲಿಂಪ್ ಮೋಡ್. ಇಂಜಿನ್ನಿಗೆ ಪೆಟ್ಟಾಗಬಾರದು ಎಂದು ಇಸಿಯು ತಾನೇ ಬೂಸ್ಟ್ ಕಡಿದು ಹಾಕಿತು. ಕೀಲಿ ತಿರುಗಿಸಿದರೆ ಮರಳಿ ಪ್ರಯತ್ನಿಸುತ್ತದೆ, ಕೋಡ್ ಮಾತ್ರ ಒಳಗೆ ಕೂತಿರುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಇದು ಬರುವುದಕ್ಕೂ ಕಾರಣ ಉಂಟು. ಪ್ರತಿ ತಿರುವಿನಲ್ಲಿ ಎಕ್ಸಲರೇಟರ್ ಬಿಟ್ಟು, ಮತ್ತೆ ಎರಡನೇ ಗಿಯರಿನಲ್ಲಿ ಪೂರ್ತಿ ಒತ್ತುತ್ತೀರಿ. ಬೂಸ್ಟ್ ಸೊನ್ನೆಯಿಂದ ಮೇಲಕ್ಕೆ ಹಾರುವ ಆ ಗಳಿಗೆಯಲ್ಲೇ ಅಂಟಿಕೊಂಡ ವೇನ್ (ಟರ್ಬೊದೊಳಗೆ ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆ), ಸೋಮಾರಿ ಸೊಲೆನಾಯ್ಡ್ ಸಿಕ್ಕಿಬೀಳುವುದು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇವು ಸಂಭಾವಿತರ ಹಾಗೆ ಇರುತ್ತವೆ.

## ಬಾನೆಟ್ ತೆರೆದ ಮೇಲೆ

ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಿಸಬೇಕು ಅಂತಾರೆ. ನಂಬಬಹುದಾ?

ಏನು ಪರೀಕ್ಷೆ ಮಾಡಿ ಹಾಗೆ ಹೇಳಿದರು ಎಂದು ಮೊದಲು ಕೇಳಿ. ‘ಸ್ಕ್ಯಾನರಿನಲ್ಲಿ ಬಂದಿದೆ’ ಎಂಬ ಉತ್ತರ ಸಾಲದು.

ನನ್ನ ಕಥೆ ಹೇಳುತ್ತೇನೆ. ಜೂನ್ ತಿಂಗಳು, ನಾಲ್ಕು ದಿನ ಬಿಡದೆ ಮಳೆ. ಗಾಡಿ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಐದನೇ ದಿನ ತೆಗೆದರೆ ಸಂತೆಕಟ್ಟೆ ದಾಟುವ ಮೊದಲೇ ಲೈಟ್ ಬಂತು, ಎತ್ತಿನಗಾಡಿಯ ಹಾಗೆ ಎಳೆಯತೊಡಗಿತು. ಒಂದು ಗ್ಯಾರೇಜಿನಲ್ಲಿ ಕೋಡ್ ಓದಿ, ಹತ್ತು ನಿಮಿಷದಲ್ಲಿ ಟರ್ಬೊ ಬದಲಿಸುವ ಎಸ್ಟಿಮೇಟ್ ಬರೆದುಕೊಟ್ಟರು. ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಟಾರ್ಚ್ ಹಿಡಿದು ಬಾನೆಟ್ಟಿನ ಒಳಗೆ ಬಗ್ಗಿದರೆ, ಬ್ಯಾಟರಿಯ ಪಕ್ಕ ಅರ್ಧ ತಿಂದ ಗೋಟಡಿಕೆ, ಒಂದು ಹಿಡಿ ತೆಂಗಿನ ನಾರು. ಹೆಗ್ಗಣ ಗೂಡು ಕಟ್ಟುವ ತಯಾರಿಯಲ್ಲಿತ್ತು. ಸೊಲೆನಾಯ್ಡಿನಿಂದ ಟರ್ಬೊಗೆ ಹೋಗುವ, ಕಿರುಬೆರಳಿಗಿಂತ ಸಪೂರದ ವ್ಯಾಕ್ಯೂಮ್ ಹೋಸ್ ಮೇಲೆ ಎರಡು ಹಲ್ಲಿನ ಗುರುತು, ನಡುವೆ ಒಂದು ತೂತು. ಒಂದೂವರೆ ಅಡಿ ಹೊಸ ಹೋಸ್ ಹಾಕಿದೆ, ಗಾಡಿ ಮೊದಲಿನ ಹಾಗಾಯಿತು. ಆ ಎಸ್ಟಿಮೇಟ್ ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ.

ಟರ್ಬೊ ನಿಜವಾಗಿಯೂ ಕೆಟ್ಟಿದ್ದರೆ ಬೇರೆ ಸಾಕ್ಷಿ ಇರುತ್ತದೆ. ಸೈರನ್ನಿನ ಹಾಗೆ ಕೂಗು, ನೀಲಿ ಹೊಗೆ, ಇಂಟೇಕ್ ಪೈಪು ಬಿಚ್ಚಿ ಬೆರಳಿನಲ್ಲಿ ಅಲುಗಿಸಿದರೆ ಚಕ್ರ ಗೋಡೆಗೆ ತಾಗುವಷ್ಟು ಆಟ. ಪೈಪಿನಲ್ಲಿ ತೆಳುವಾಗಿ ಆಯಿಲ್ ಸವರಿದ್ದರೆ ಅದು ಸಹಜ.

ಹೋಸ್ ತೂತಾದರೆ ನನ್ನ ಗಾಡಿಗೆ ಬೂಸ್ಟ್ ಕಡಿಮೆ, ಗೆಳೆಯನ ಗಾಡಿಗೆ ಜಾಸ್ತಿ. ಹೇಗೆ ಸಾಧ್ಯ?

ಎರಡು ಗಾಡಿಗಳಲ್ಲಿ ಟರ್ಬೊ ತಡೆಯುವ ಕ್ರಮ ಉಲ್ಟಾ. ಹಲವು ಪೆಟ್ರೋಲ್ ಟರ್ಬೊಗಳಲ್ಲಿ ವೇಸ್ಟ್‌ಗೇಟ್ ಎಂಬ ಬಾಗಿಲು ಇರುತ್ತದೆ. ಬೂಸ್ಟಿನ ಒತ್ತಡವೇ ಸಣ್ಣ ಹೋಸ್ ಮೂಲಕ, ಕಡ್ಡಿ ತಳ್ಳುವ ಆಕ್ಚುಯೇಟರ್ ಎಂಬ ಡಬ್ಬಿಗೆ ಹೋಗಿ ಆ ಬಾಗಿಲನ್ನು ತಳ್ಳಿ ತೆರೆಯಬೇಕು. ಹೋಸ್ ಹರಿದರೆ ತಳ್ಳುವವರಿಲ್ಲ, ಬಾಗಿಲು ಮುಚ್ಚಿಯೇ ಇರುತ್ತದೆ, ಬೂಸ್ಟ್ ಏರುತ್ತಾ ಹೋಗುತ್ತದೆ. ಹಲವು ಡೀಸೆಲ್‌ಗಳ ವಿಜಿಟಿ (ವೇನ್ ಇರುವ) ಟರ್ಬೊದಲ್ಲಿ ವ್ಯಾಕ್ಯೂಮ್ ಎಳೆದರೆ ಮಾತ್ರ ವೇನ್‌ಗಳು ಮುಚ್ಚಿ ಬೂಸ್ಟ್ ಬರುತ್ತದೆ. ಅಲ್ಲಿ ಹೋಸ್ ಹರಿದರೆ ವೇನ್ ತೆರೆದೇ ಉಳಿಯುತ್ತದೆ, ಬೂಸ್ಟ್ ಬರುವುದಿಲ್ಲ.

ಅದಕ್ಕೇ ನಿಮ್ಮದು ಯಾವ ಜಾತಿಯ ಟರ್ಬೊ ಎಂದು ಗೊತ್ತಿಲ್ಲದೆ ಪಕ್ಕದ ಮನೆಯವನ ಸಲಹೆ ಕೇಳಬೇಡಿ. ಒಂದೇ ಹೆಸರಿನ 1.3 ಲೀಟರ್ ಡಿಡಿಐಎಸ್‌ನಲ್ಲೂ ಸ್ವಿಫ್ಟಿನದ್ದು ವೇನ್ ಇಲ್ಲದ್ದು, ಎರ್ಟಿಗಾದ 90 ಪಿಎಸ್‌ನದ್ದು ವಿಜಿಟಿ. ಹೊಸ ಗಾಡಿಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ನಿನ 1.0 ಟಿಎಸ್‌ಐಯಲ್ಲಿ, ಹೋಸೇ ಇಲ್ಲ. ಕರೆಂಟ್ ಮೋಟರ್ ಬಾಗಿಲು ತೆರೆಯುತ್ತದೆ.

ನಮ್ಮ ಉಪ್ಪು ಗಾಳಿಗೂ ಇದಕ್ಕೂ ಸಂಬಂಧ ಉಂಟಾ?

ಉಂಟು ಮಾರ್ರೆ. ಮಲ್ಪೆಯಿಂದ ಹೊರಡುವ ಮೀನಿನ ಲಾರಿ ಹಿಂದೆ ಹೋಗಿ ನೋಡಿ, ರಸ್ತೆ ಉದ್ದಕ್ಕೂ ಉಪ್ಪುನೀರು ಸುರಿಸುತ್ತಾ ಹೋಗುತ್ತದೆ. ಮರವಂತೆಯಲ್ಲಂತೂ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ. ಈ ನೀರೆಲ್ಲ ಅಡಿಯಿಂದ ಹಾರಿ ಆಕ್ಚುಯೇಟರ್ ಕಡ್ಡಿ, ವೇಸ್ಟ್‌ಗೇಟಿನ ಕೀಲು, ಸೊಲೆನಾಯ್ಡಿನ ಕನೆಕ್ಟರ್ ಮೇಲೆ ಕೂರುತ್ತದೆ. ಗಾಡಿ ದಿನಾ ಓಡುತ್ತಿದ್ದರೆ ಅಷ್ಟು ತೊಂದರೆ ಇಲ್ಲ. ಮುಂಬಯಿಗೋ ದುಬೈಗೋ ಹೋದವರ ಗಾಡಿ ಎರಡು ತಿಂಗಳು ನಿಂತರೆ ಕೀಲು ತುಕ್ಕು ಹಿಡಿದು ಬಿಗಿಯುತ್ತದೆ.

ಕನೆಕ್ಟರ್ ಬಿಚ್ಚಿ ಪಿನ್ನುಗಳನ್ನು ಹತ್ತಿರದಿಂದ ನೋಡಿ. ಹಸಿರು ಪುಡಿ ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಮಳೆ ಬಂದಾಗ ಮಾತ್ರ ಬಂದು ಬಿಸಿಲಿಗೆ ಮಾಯವಾಗುವ ಕೋಡ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಆಕ್ಚುಯೇಟರ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದಾ?

ವ್ಯಾಕ್ಯೂಮಿನದ್ದಾದರೆ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಬೇಕು. ಹೋಸ್ ಬಿಚ್ಚಿ ಪಂಪ್ ಜೋಡಿಸಿ ಮೆಲ್ಲಗೆ ಎಳೆಯಿರಿ. ಕಡ್ಡಿ ಎಲ್ಲೂ ತಡವರಿಸದೆ ಪೂರ್ತಿ ಚಲಿಸಬೇಕು, ಬಿಟ್ಟಾಗ ಹಾಗೆಯೇ ಮರಳಬೇಕು. ಒಂದು ನಿಮಿಷ ಹಿಡಿದಿಟ್ಟರೆ ಮುಳ್ಳು ಇಳಿಯಬಾರದು. ಇಳಿದರೆ ಡಯಾಫ್ರಾಮ್ ಹರಿದಿದೆ.

ಒತ್ತಡದ ವೇಸ್ಟ್‌ಗೇಟ್ ಆದರೆ ಗೇಜ್ ಇರುವ ಸೈಕಲ್ ಪಂಪ್ ಸಾಕು. ಟಯರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಿಡಿಯಬೇಡಿ, ಡಯಾಫ್ರಾಮ್ ಒಂದೇ ಏಟಿಗೆ ಹೋಗುತ್ತದೆ. ಇಂಜಿನ್ ತಣ್ಣಗಿರಲಿ. ಸರ್ವಿಸಿಗೆ ಹೋಗಿ ಬಂದ ಮಾರನೇ ದಿನವೇ ಕೋಡ್ ಶುರುವಾಗಿದ್ದರೆ ಸೊಲೆನಾಯ್ಡಿನ ಎರಡು ಹೋಸ್ ಅದಲುಬದಲಾಗಿದೆಯಾ ನೋಡಿ. ನಗಬೇಡಿ, ಇದು ತುಂಬಾ ಸಲ ಆಗುತ್ತದೆ.

ಸೆನ್ಸರೇ ಸುಳ್ಳು ಹೇಳ್ತಾ ಇದ್ದರೆ?

ಕಡಲ ಬದಿಯಲ್ಲಿ ಇರುವವರಿಗೆ ಇದನ್ನು ಹಿಡಿಯುವುದು ಬಹಳ ಸುಲಭ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀಲಿ ಆನ್ ಮಾಡಿ ಮ್ಯಾಪ್ ಸೆನ್ಸರ್ ಓದಿ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಮಂಗಳೂರು, ಉಡುಪಿಯಲ್ಲಿ 99ರಿಂದ 101ರ ಒಳಗೆ ತೋರಿಸಬೇಕು. 108, 112 ತೋರಿಸಿದರೆ ಸೆನ್ಸರ್ ಅಥವಾ ಅದರ ವೈರು ಕೆಟ್ಟಿದೆ. ಡೀಸೆಲ್ ಆದರೆ ಸೆನ್ಸರ್ ಬಿಚ್ಚಿ ನೋಡಿ, ಇಜಿಆರ್ (ಹೊಗೆಯನ್ನು ಇಂಜಿನ್ನಿಗೇ ಮರಳಿಸುವ ವ್ಯವಸ್ಥೆ) ಮಸಿ ಅಂಟಿ ಟಾರಿನ ಹಾಗೆ ಆಗಿರುತ್ತದೆ. ಸ್ಪ್ರೇಯಲ್ಲಿ ತೊಳೆಯಿರಿ, ಪಿನ್ನು ಹಾಕಿ ಕೆದಕಬೇಡಿ.

ವೇನ್ ಅಂಟಿದೆ, ಕ್ಲೀನರ್ ಸ್ಪ್ರೇ ಹೊಡೆದರೆ ಸಾಕು ಅಂತಾರೆ?

ಮಸಿ ಸ್ವಲ್ಪ ಇದ್ದರೆ ಕೆಲವು ತಿಂಗಳು ಓಡುತ್ತದೆ. ಗಟ್ಟಿಯಾಗಿ ಕೂತಿದ್ದರೆ ಟರ್ಬೊ ಇಳಿಸಿ ಬಿಚ್ಚಿಯೇ ತೊಳೆಯಬೇಕು. ಪೇಟೆಯೊಳಗೆ ದಿನಾ ಮೂರು ಕಿಲೋಮೀಟರ್ ಮಾತ್ರ ಓಡಿಸುವವರ ಗಾಡಿಗೆ ಈ ರೋಗ ಜಾಸ್ತಿ.

## ಟ್ಯೂನಿನ ಮೇಲೆಯೇ ಸಂಶಯ ಬಂದರೆ

ಬೆಂಗಳೂರಲ್ಲಿ ರೀಮ್ಯಾಪ್ ಮಾಡಿಸಿದ್ದು. ಅಲ್ಲಿ ಸರಿ ಇದ್ದ ಗಾಡಿ ಮಂಗಳೂರಿಗೆ ಇಳಿದ ಮೇಲೆ ಪಿ0234 ತೋರಿಸ್ತಾ ಉಂಟು. ಯಾಕೆ?

ನನಗೆ ಅತ್ಯಂತ ಇಷ್ಟದ ಪ್ರಶ್ನೆ ಇದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ನಮ್ಮಲ್ಲಿ 1.01. ಮ್ಯಾಪ್ ಸೆನ್ಸರ್ ಅಳೆಯುವುದು ಒಟ್ಟು ಒತ್ತಡವನ್ನು, ಅಂದರೆ ಹೊರಗಿನ ಗಾಳಿ ಮತ್ತು ಬೂಸ್ಟ್ ಸೇರಿಸಿ. ಆದರೆ ವೇಸ್ಟ್‌ಗೇಟಿನ ಸ್ಪ್ರಿಂಗಿಗೆ ಗೊತ್ತಿರುವುದು ಹೊರಗಿಗಿಂತ ಎಷ್ಟು ಜಾಸ್ತಿ ಎಂಬುದು ಮಾತ್ರ.

ಲೆಕ್ಕ ಹಾಕಿ. ಟ್ಯೂನರ್ ಬೆಂಗಳೂರಿನಲ್ಲಿ 1.3 ಬಾರ್ ಬೂಸ್ಟ್ ಬರುವಂತೆ ವೇಸ್ಟ್‌ಗೇಟಿನ ಡ್ಯೂಟಿ (ಸೊಲೆನಾಯ್ಡಿಗೆ ಇಸಿಯು ಕೊಡುವ ಆಜ್ಞೆಯ ಪ್ರಮಾಣ) ಕೂರಿಸಿದ. ಒಟ್ಟು 2.21. ಅದೇ ಡ್ಯೂಟಿ, ಅದೇ 1.3, ಮಂಗಳೂರಿನಲ್ಲಿ ಒಟ್ಟು 2.31. ಇಸಿಯು ಕೇಳಿದ್ದು 2.2 ಮಾತ್ರ. ಅದು ತಿದ್ದಿಕೊಳ್ಳುತ್ತದೆ ನಿಜ, ಆದರೆ ನಮ್ಮ ದಪ್ಪ ಗಾಳಿಯಲ್ಲಿ ಟರ್ಬೊ ಬೇಗ ಏಳುತ್ತದೆ, ತಿದ್ದುವಷ್ಟರಲ್ಲಿ ಮಿತಿ ದಾಟಿಯಾಗಿರುತ್ತದೆ. ಮಳೆ ಬಿದ್ದು ತಂಪಾದ ರಾತ್ರಿ ಇದು ಇನ್ನೂ ಜಾಸ್ತಿ.

ಗಾಡಿ ಕೆಟ್ಟಿಲ್ಲ. ಟ್ಯೂನಿನ ಮ್ಯಾಪ್ (ಸೆನ್ಸರ್ ಅಲ್ಲ, ಇಸಿಯು ಒಳಗಿನ ಲೆಕ್ಕದ ಪಟ್ಟಿ) ಇಲ್ಲಿಗೆ ಹೊಂದುತ್ತಿಲ್ಲ. ಇಲ್ಲಿ ತೆಗೆದ ಲಾಗ್ (ಓಡುವಾಗ ಸ್ಕ್ಯಾನರ್ ದಾಖಲಿಸಿದ ಅಂಕಿಗಳು) ಕಳಿಸಿ ಡ್ಯೂಟಿ ಇಳಿಸಲು ಹೇಳಿ. ಒಳ್ಳೆಯ ಟ್ಯೂನರ್ ಆದರೆ ಎರಡನೇ ಮಾತಿಲ್ಲದೆ ಮಾಡಿಕೊಡುತ್ತಾನೆ. ‘ಬೆಂಗಳೂರಲ್ಲಿ ಸರಿ ಇತ್ತಲ್ಲ’ ಅಂದರೆ ಬೇರೆಯವರನ್ನು ಹುಡುಕಿ.

ಟ್ಯೂನಿಂಗ್ ಬಾಕ್ಸ್ ಹಾಕಿದ್ದೇನೆ. ಸ್ಕ್ಯಾನರಿನಲ್ಲಿ ಬೂಸ್ಟ್ ನಾರ್ಮಲ್ ತೋರಿಸುತ್ತದೆ. ಹಾಗಾದರೆ ಸೇಫ್ ಅಲ್ವಾ?

ಅಲ್ಲ. ಹಲವು ಬಾಕ್ಸುಗಳು ಸೆನ್ಸರಿನ ಸಿಗ್ನಲನ್ನು ನಡುವೆಯೇ ಹಿಡಿದು, ಕಡಿಮೆ ಮಾಡಿ ಇಸಿಯುಗೆ ಕೊಡುತ್ತವೆ. ಇಸಿಯು ‘ಅಯ್ಯೋ ಕಡಿಮೆ ಉಂಟು’ ಎಂದು ಜಾಸ್ತಿ ಬೂಸ್ಟ್ ಕೊಡುತ್ತದೆ. ಸ್ಕ್ಯಾನರ್ ಓದುವುದು ಇಸಿಯು ಒಳಗಿನ ಲೆಕ್ಕವನ್ನು. ಅಂದರೆ ಬಾಕ್ಸ್ ಹೇಳಿದ ಸುಳ್ಳನ್ನೇ ನಿಮಗೂ ತೋರಿಸುತ್ತದೆ. ನಿಜ ಗೊತ್ತಾಗಬೇಕಾದರೆ ಪೈಪಿಗೆ ಬೇರೆಯೇ ಬೂಸ್ಟ್ ಗೇಜ್ ಹಾಕಬೇಕು. ಕೋಡ್ ಬಂದರೆ ಮೊದಲು ಬಾಕ್ಸ್ ಬಿಚ್ಚಿ ಎರಡು ದಿನ ಓಡಿಸಿ.

ದೊಡ್ಡ ಮ್ಯಾಪ್ ಸೆನ್ಸರ್ ಹಾಕಿಸಿಕೊಂಡವರಿಗೂ ಇದೇ ಅಪಾಯ. 2.5 ಬಾರ್ ಸೆನ್ಸರಿನ ಜಾಗಕ್ಕೆ 3 ಬಾರಿನದ್ದು ಕೂರಿಸಿ ಟ್ಯೂನಿನಲ್ಲಿ ಲೆಕ್ಕ ಬದಲಿಸದಿದ್ದರೆ ಇಸಿಯುಗೆ ಒತ್ತಡ ಕಡಿಮೆ ಕಾಣುತ್ತದೆ. ನಿಜವಾದ ಓವರ್‌ಬೂಸ್ಟ್ ಆಗುತ್ತಿರುತ್ತದೆ, ಕೋಡ್ ಮಾತ್ರ ಬರುವುದಿಲ್ಲ.

ಲಾಗ್ ತೆಗೆಯಿರಿ ಅಂತೀರಿ. ಹೇಗೆ, ಎಲ್ಲಿ?

ಬೇಕಾದ್ದು ಆರ್‌ಪಿಎಂ, ಎಕ್ಸಲರೇಟರ್, ಕೇಳಿದ ಬೂಸ್ಟ್, ಸಿಕ್ಕಿದ ಬೂಸ್ಟ್, ವೇಸ್ಟ್‌ಗೇಟ್ ಅಥವಾ ವೇನಿನ ಡ್ಯೂಟಿ, ಒಳಗಿನ ಗಾಳಿಯ ಬಿಸಿ. ಪೆಟ್ರೋಲ್ ಆದರೆ ಇಗ್ನಿಷನ್ ಟೈಮಿಂಗ್ ಕೂಡ. ಅದಕ್ಕಿಂತ ಜಾಸ್ತಿ ಸೇರಿಸಿದರೆ ಅಗ್ಗದ ಸ್ಕ್ಯಾನರ್ ನಿಧಾನವಾಗಿ, ಅರ್ಧ ಸೆಕೆಂಡಿನ ಏರಿಕೆ ತಪ್ಪಿಹೋಗುತ್ತದೆ.

ಇಂಜಿನ್ ಬಿಸಿಯಾದ ಮೇಲೆ, ಮೂರನೇ ಗಿಯರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಡೀಸೆಲ್ ಆದರೆ 3,500 ದಾಟಬೇಕಾಗಿಲ್ಲ. ಸ್ವಲ್ಪ ಏರು ಇರುವ ಖಾಲಿ ರಸ್ತೆ, ಬೆಳಗ್ಗೆ ಬೆಳಕು ಬಿಟ್ಟ ಮೇಲೆ. ಫೋನ್ ನೋಡಲು ಪಕ್ಕದಲ್ಲಿ ಒಬ್ಬರು ಇರಲಿ. ಹೆದ್ದಾರಿ 66ರಲ್ಲಿ ಬೇಡವೇ ಬೇಡ, ರಾಂಗ್ ಸೈಡಿನಲ್ಲಿ ಬರುವ ಸ್ಕೂಟರಿಗೆ ನಿಮ್ಮ ಲಾಗ್ ಗೊತ್ತಿಲ್ಲ. ಡೈನೊ (ಗಾಡಿ ನಿಂತಲ್ಲೇ ಚಕ್ರ ಓಡಿಸಿ ಪವರ್ ಅಳೆಯುವ ಯಂತ್ರ) ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು.

ಲಾಗ್ ಸಿಕ್ಕಿತು. ಈಗ ಎಂತ ನೋಡುವುದು?

ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು, ಅವು ಎಲ್ಲಿ ಬೇರೆಯಾಗುತ್ತವೆ ನೋಡಿ. ಆ ಜಾಗದಲ್ಲಿ ಡ್ಯೂಟಿ ಏನು ಮಾಡುತ್ತಿದೆ ಎಂಬುದರಲ್ಲೇ ಉತ್ತರ ಇರುತ್ತದೆ.

2,000ದ ಹತ್ತಿರ ಒಂದು ಮೊನೆ ಎದ್ದು, ಡ್ಯೂಟಿ ಇಳಿದ ಕೂಡಲೇ ಬೂಸ್ಟೂ ಇಳಿದರೆ ಸಾಮಾನು ಮಾತು ಕೇಳುತ್ತಿದೆ, ಮ್ಯಾಪ್ ಅವಸರ ಮಾಡುತ್ತಿದೆ. ಡ್ಯೂಟಿ ಇಳಿದು ಎಷ್ಟೋ ಹೊತ್ತಾದ ಮೇಲೆ ಬೂಸ್ಟ್ ಇಳಿದರೆ ಅಂಟಿಕೊಂಡ ವೇನ್ ಅಥವಾ ನಿಧಾನದ ಸೊಲೆನಾಯ್ಡ್. ಡ್ಯೂಟಿ ತಳಕ್ಕೆ ಬಂದರೂ ಬೂಸ್ಟ್ ಏರುತ್ತಲೇ ಇದ್ದರೆ ಹೋಸ್, ಆಕ್ಚುಯೇಟರ್, ಬಿಗಿದ ಬಾಗಿಲು, ಇವುಗಳಲ್ಲಿ ಒಂದು. ಸಿಕ್ಕಿದ ಬೂಸ್ಟಿನ ಗೆರೆ ಮೇಲೆ ಹೋಗಿ ಸ್ಕೇಲ್ ಇಟ್ಟು ಎಳೆದಂತೆ ಸಪಾಟಾದರೆ ಸೆನ್ಸರಿನ ಅಳತೆಯೇ ಮುಗಿದಿದೆ, ನಿಜವಾದ ಒತ್ತಡ ಅದಕ್ಕೂ ಮೇಲೆ.

ಇನ್ನೊಂದು ಮೋಸ ಉಂಟು. ಪಿ0234, ಪಿ0299 ಎರಡೂ ಒಟ್ಟಿಗೆ ಇದ್ದರೆ ಯಾವುದು ಮೊದಲು ಬಂತು ನೋಡಿ. ಓವರ್‌ಬೂಸ್ಟಿಗೆ ಇಂಟರ್‌ಕೂಲರ್ ಪೈಪು ಕಿತ್ತುಹೋಗಿ, ಆಮೇಲೆ ಬೂಸ್ಟ್ ಕಡಿಮೆಯಾಗಿರಬಹುದು. ಬರೀ ಪೈಪು ಸಿಕ್ಕಿಸಿ ಕಳಿಸಿದರೆ ವಾರದಲ್ಲಿ ಮತ್ತೆ ಕಿತ್ತುಬರುತ್ತದೆ.

ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿದ ಮೇಲೆ ಶುರುವಾಯಿತು. ಟ್ಯೂನರ್ ಸಾಫ್ಟ್‌ವೇರ್ ಸರಿ ಇದೆ ಅಂತಾನೆ.

ಅವನು ಹೇಳುವುದು ಸರಿಯಿರಬಹುದು. ಎಕ್ಸಾಸ್ಟ್ ಸಲೀಸಾದರೆ ಟರ್ಬೈನಿನ ಮೂಲಕ ಜಾಸ್ತಿ ಗಾಳಿ ಹರಿಯುತ್ತದೆ. ವೇಸ್ಟ್‌ಗೇಟಿನ ಬಾಗಿಲು ಸಣ್ಣದಾದರೆ ಪೂರ್ತಿ ತೆರೆದರೂ ಸಾಲುವುದಿಲ್ಲ. ಆಗ ಬೂಸ್ಟ್ ಹಾರುವುದಿಲ್ಲ, ಆರ್‌ಪಿಎಂ ಜೊತೆ ಮೆಲ್ಲಗೆ ತೆವಳುತ್ತಾ ಏರುತ್ತದೆ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಪೂರ್ತಿ ಮದ್ದಿಲ್ಲ. ವೇಸ್ಟ್‌ಗೇಟಿನ ತೂತು ದೊಡ್ಡದು ಮಾಡಿಸಬೇಕು, ಇಲ್ಲವೇ ಹಳೇ ಎಕ್ಸಾಸ್ಟ್ ವಾಪಸ್ ಹಾಕಬೇಕು. ನಾನಾದರೆ ಎರಡನೆಯದು.

ಆ ಕೋಡನ್ನೇ ಬಾರದ ಹಾಗೆ ಆಫ್ ಮಾಡಿಕೊಡ್ತೇನೆ ಅಂತಾರೆ. ಮಾಡಿಸಲಾ?

ಬೇಡ. ಎರಡು ಸಾವಿರಕ್ಕೆ ಕಾವಲು ನಾಯಿಯ ಬಾಯಿ ಕಟ್ಟಿಸಿದ ಹಾಗೆ. ಕೋಡಿನ ಜೊತೆ ಲಿಂಪ್ ಮೋಡ್ ಕೂಡ ಹೋಗುತ್ತದೆ, ಇಂಜಿನ್ನಿಗಿದ್ದ ಕೊನೆಯ ರಕ್ಷಣೆ ಅದೇ. ಗಾಡಿ ಮಾರಲು ಹೊರಟವರು ಇದನ್ನು ಮಾಡಿಸುವುದು ಜಾಸ್ತಿ. ಸೆಕೆಂಡ್‌ಹ್ಯಾಂಡ್ ಟ್ಯೂನ್ಡ್ ಗಾಡಿ ತೆಗೆದುಕೊಳ್ಳುವಾಗ ಕೀಲಿ ಆನ್ ಮಾಡಿ ಇಂಜಿನ್ ಲೈಟ್ ಒಮ್ಮೆಯಾದರೂ ಹೊತ್ತುತ್ತದೆಯಾ ನೋಡಿ.

ವಾರಂಟಿ, ಇನ್ಶೂರೆನ್ಸ್, ಆರ್‌ಟಿಒ?

ರೀಮ್ಯಾಪ್ ಗೊತ್ತಾದರೆ ಇಂಜಿನ್, ಟರ್ಬೊ ವಾರಂಟಿ ತಿರಸ್ಕರಿಸಲು ಕಂಪನಿಗೆ ದಾರಿ ಆಗುತ್ತದೆ. ಇನ್ಶೂರೆನ್ಸಿಗೆ ತಿಳಿಸದಿದ್ದರೆ ಕ್ಲೈಮ್ ವೇಳೆ ತಕರಾರು ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಮಿತಿ ಹಾಕಿದೆ. ಡಿಪಿಎಫ್ (ಡೀಸೆಲ್ ಮಸಿ ಹಿಡಿಯುವ ಫಿಲ್ಟರ್), ಕ್ಯಾಟ್ (ಕೆಟಲಿಟಿಕ್ ಕನ್ವರ್ಟರ್) ಕಿತ್ತು ಓಡಿಸುವವರಿಗೆ ನಾನು ಸಹಾಯ ಮಾಡುವುದಿಲ್ಲ, ಕೇಳಬೇಡಿ.

ಎಲ್ಲಾ ಸರಿ ಮಾಡಿ ಕೋಡ್ ಅಳಿಸಿದೆ. ಇನ್ನು ಬರುವುದಿಲ್ಲ ಅಂತ ಹೇಗೆ ಗೊತ್ತಾಗುವುದು?

ಲೈಟ್ ಇಲ್ಲ ಅಂದ ಕೂಡಲೇ ಮುಗಿಯಲಿಲ್ಲ. ಕೆಲವು ಕೋಡ್‌ಗಳು ಮೊದಲ ಸಲ ‘ಪೆಂಡಿಂಗ್’ ಆಗಿ ಕೂತಿರುತ್ತವೆ, ಎರಡನೇ ಸಲ ಬಂದಾಗ ಲೈಟ್ ಹೊತ್ತಿಸುತ್ತವೆ. ಒಂದು ವಾರ ಎಂದಿನಂತೆ ಓಡಿಸಿ ಪೆಂಡಿಂಗ್ ಕೋಡ್ ನೋಡಿ. ಆಮೇಲೆ ಅದೇ ರಸ್ತೆ, ಅದೇ ಗಿಯರ್, ಅದೇ ಹೊತ್ತಿಗೆ ಇನ್ನೊಂದು ಲಾಗ್ ತೆಗೆದು ಹಳೆಯದರ ಪಕ್ಕ ಇಡಿ. ನಾನು ಇದಕ್ಕೆ ಹಿರಿಯಡಕ ರಸ್ತೆಯ ಒಂದು ಏರನ್ನೇ ಇಟ್ಟುಕೊಂಡಿದ್ದೇನೆ. ಹೋಸ್ ಬದಲಿಸುವ ಮೊದಲು ಅಲ್ಲಿ ಒಟ್ಟು ಒತ್ತಡ 1.25 ಬಾರ್ ದಾಟದೆ ಒದ್ದಾಡುತ್ತಿದ್ದ ಗೆರೆ, ಬದಲಿಸಿದ ಮೇಲೆ ಅದೇ ಏರಿನಲ್ಲಿ ಕೇಳಿದ ಗೆರೆಗೆ ಅಂಟಿಕೊಂಡೇ ಹೋಯಿತು. ವಾಪಸ್ ಬರುವಾಗ ಹೆಗ್ಗಣದ ಬೋನು ತಂದೆ.